ಎರಡನೆಯ ತೊಟ್ಟಿ

ಬಂಡೇದಿನ್ನಿಯ ಹಳ್ಳ ತಿಳಿಯಾದ ದಿನ ಡಾ. ಮಾಲಿನಿ ಬಳಿಗಾರಳನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಮಂತ್ರಿಗಳು ಗಾಜಿನ ಲೋಟದಲ್ಲಿ ಹಳ್ಳದ ನೀರು ತುಂಬಿ ಎತ್ತಿ ಹಿಡಿದರು. ನೀರಿನಾಚೆ ಕಾಣುತ್ತಿದ್ದ ತಮ್ಮ ಬೆರಳುಗಳನ್ನು ಜನರಿಗೆ ತೋರಿಸಿದರು. ಜೋರು ಚಪ್ಪಾಳೆ ಬಿತ್ತು. ಆಮೇಲೆ ಅವರು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಬಾಟಲಿ ನೀರು ಕುಡಿದದ್ದನ್ನು ಗಮನಿಸಿದವಳು ಮಾಲಿನಿ ಒಬ್ಬಳೇ ಇರಬೇಕು.

ಬಂಡೇದಿನ್ನಿ ಜೀನ್ಸ್ ಪ್ಯಾಂಟಿನ ಊರು. ಮನೆಮನೆಯಲ್ಲೂ ಹೊಲಿಗೆ ಯಂತ್ರ, ಊರಾಚೆ ಸಾಲು ಸಾಲು ವಾಶಿಂಗ್ ಯೂನಿಟ್. ಹೊಲಿದ ಪ್ಯಾಂಟುಗಳನ್ನು ಅಲ್ಲಿ ದೊಡ್ಡ ದೊಡ್ಡ ಡ್ರಮ್ಮುಗಳಿಗೆ ಹಾಕಿ, ಬಣ್ಣ ಇಳಿಸಿ, ಮತ್ತೆ ಏರಿಸಿ, ಹಳೆಯದರಂತೆ ಕಾಣುವ ಹೊಸ ಪ್ಯಾಂಟು ಮಾಡುತ್ತಾರೆ. ತೊಳೆದ ನೀರೆಲ್ಲ ಹಳ್ಳಕ್ಕೆ. ಮಾಲಿನಿ ಮೊದಲ ಸಲ ಬಂದಾಗ ಹಳ್ಳ ಶಾಯಿಯ ಹಾಗೆ ಹರಿಯುತ್ತಿತ್ತು. ದಂಡೆಯ ಜಾಲಿಗಿಡಗಳ ಬುಡ ನೀಲಿಗಟ್ಟಿತ್ತು. ಎಮ್ಮೆಗಳು ಕೂಡ ಮುಖ ತಿರುಗಿಸಿಕೊಂಡು ಹೋಗುತ್ತಿದ್ದವು.

ಮಾಲಿನಿಯ ಬದುಕೆಲ್ಲ ಮಾಲಿನ್ಯದಲ್ಲೇ ಕಳೆದಿತ್ತು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಹುಡುಗರು ಅವಳನ್ನು 'ಮಾಲಿನ್ಯ ಮೇಡಂ' ಎನ್ನುತ್ತಿದ್ದರು. ಅವಳು ಮೊದಲು ಹಿಡಿದದ್ದು ಹೊಗೆಯನ್ನು. ಕಬ್ಬಿಣದ ಕಾರ್ಖಾನೆಗಳ ಚಿಮಣಿಗೆ ಕೂರಿಸುವ ಒಂದು ಜಾಲರಿ ಕಂಡುಹಿಡಿದಳು. ಮಸಿಯೆಲ್ಲ ಅದಕ್ಕೇ ಅಂಟಿಕೊಳ್ಳುತ್ತಿತ್ತು. ಕಾರ್ಖಾನೆಯವರು ಸಂತೋಷದಿಂದ ಕೂರಿಸಿದರು. ಹಗಲು, ಅಧಿಕಾರಿಗಳು ನೋಡುವ ಹೊತ್ತಿನಲ್ಲಿ ಮಾತ್ರ ಚಾಲೂ ಮಾಡಿದರು. ಸುತ್ತಲಿನ ಊರುಗಳ ಜನ ಬೆಳಿಗ್ಗೆ ಎದ್ದು ಒಣಹಾಕಿದ ಬಟ್ಟೆಯ ಮೇಲಿನ ಮಸಿ ಕೊಡವುವುದು ತಪ್ಪಲಿಲ್ಲ. ಮಾಲಿನಿ ಬರೆದ ವರದಿಗಳಿಗೆ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬರುತ್ತಲೇ ಇತ್ತು. ಕೊನೆಗೆ ಬೇಸತ್ತು ಅವಳು ಗಾಳಿಯನ್ನು ಬಿಟ್ಟು ನೀರಿಗೆ ಬಂದಳು. ನೀರಾದರೆ ಕಣ್ಣಿಗೆ ಕಾಣುತ್ತದೆ, ಯಾರೂ ಮೋಸ ಮಾಡಲಾರರು ಎಂದುಕೊಂಡಿದ್ದಳು.

ನೀರಿಗಾಗಿ ಅವಳು ಮಾಡಿದ್ದು ಒಂದು ಹರಳು. ಸಾಸಿವೆಯಷ್ಟು ದಪ್ಪ, ಒಳಗೆಲ್ಲ ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರ. ಬಣ್ಣದ ಕಣ ಎಂದರೆ ಕೈ ಕೈ ಹಿಡಿದು ನಿಂತ ತುಂಡುಗಳ ಸಾಲು; ಬಿಸಿಲು ತಾಗಿದ ಹರಳು ಆ ಕೈಗಳನ್ನು ಬಿಡಿಸುತ್ತದೆ. ಕೈ ಬಿಟ್ಟ ಕೂಡಲೇ ಬಣ್ಣ ಮಾಯ. ಆದರೆ ತುಂಡುಗಳು ನೀರಿನಲ್ಲೇ ಉಳಿಯುತ್ತವೆ. ಅವಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೂ ಹೋಗುವುದಿಲ್ಲ. ಮೈಗೆ ಸೇರಿದರೆ ರಕ್ತ ಕೆಡಿಸುತ್ತವೆ, ವರ್ಷಗಟ್ಟಲೆ ಸೇರಿದರೆ ಮೂತ್ರಕೋಶದಲ್ಲಿ ಗಂಟು ಕಟ್ಟುತ್ತವೆ. ಹಾಗಾಗಿ ಮಾಲಿನಿ ಎರಡು ತೊಟ್ಟಿಗಳನ್ನು ಹೇಳಿದ್ದಳು. ಮೊದಲನೆಯದರಲ್ಲಿ ಬಣ್ಣ ಹೋಗಬೇಕು, ಅದಕ್ಕೆ ಹತ್ತು ನಿಮಿಷ ಸಾಕು. ಎರಡನೆಯದರಲ್ಲಿ ಅದೇ ಹರಳಿನ ನಡುವೆ ತಳದಿಂದ ಇಡೀ ದಿನ ಗಾಳಿ ಊದಬೇಕು. ಆಗ ತುಂಡುಗಳೂ ಸುಟ್ಟು ಇಲ್ಲವಾಗುತ್ತವೆ. ಎರಡನ್ನೂ ದಾಟಿದ ನೀರನ್ನು ಅವಳು ಪ್ರಯೋಗಾಲಯದಲ್ಲಿ ತಾನೇ ಕುಡಿದು ತೋರಿಸಿದ್ದಳು.

ಆ ಹೊತ್ತಿಗೆ ರಾಜ್ಯದಲ್ಲಿ ಇನ್‌ಸ್ಪೆಕ್ಟರುಗಳ ಕಾಲ ಮುಗಿದಿತ್ತು. ಕೆರೆ, ನದಿ, ಹಳ್ಳಗಳನ್ನು ಕಾಯಲು ಜಲಶುದ್ಧಿ ನಿಗಮವೆಂಬುದು ಬಂದು, ಅದರ ಡ್ರೋನುಗಳು ದಿನವೂ ನೀರಿನ ಮೇಲೆ ಹಾರಾಡುತ್ತಿದ್ದವು. ಈ ಏರ್ಪಾಡಿಗೆ ನಿಗಮ 'ಜಲನೇತ್ರ' ಎಂದು ಹೆಸರಿಟ್ಟಿತ್ತು. ಜನ ಬರೀ 'ಕಣ್ಣು' ಎನ್ನುತ್ತಿದ್ದರು. ಲಂಚ ತಿನ್ನದ ಕಣ್ಣು ಎಂದು ಜಾಹೀರಾತು. ನೀರಿನ ಬಣ್ಣ ನೋಡಿ ಅದೇ ತೀರ್ಮಾನಿಸುತ್ತಿತ್ತು: ಯಾವ ಯೂನಿಟ್ಟಿಗೆ ಬೀಗ, ಯಾವ ಓಣಿಗೆ ಟ್ಯಾಂಕರ್ ನೀರು. ಮನುಷ್ಯರು ನಡುವೆ ಕೈಹಾಕುವಂತಿರಲಿಲ್ಲ. ಆ ಕಣ್ಣನ್ನು ನಂಬಿ ಸಂಭ್ರಮಪಟ್ಟವರಲ್ಲಿ ಮಾಲಿನಿಯೂ ಒಬ್ಬಳು.

ಸನ್ಮಾನವಾಗಿ ಕೆಲವು ತಿಂಗಳಾದ ಮೇಲೆ ಅವಳು ಗಾದಿಲಿಂಗಪ್ಪನ ಯೂನಿಟ್ಟಿಗೆ ಹೋದಳು. ವಾಶಿಂಗ್ ಯೂನಿಟ್ಟಿನವರ ಸಂಘಕ್ಕೆ ಅವನೇ ಅಧ್ಯಕ್ಷ. ಮೊದಲನೆಯ ತೊಟ್ಟಿ ಚೆನ್ನಾಗಿ ನಡೆಯುತ್ತಿತ್ತು. ಒಂದು ಕಡೆ ನೀಲಿ ನೀರು ಬೀಳುತ್ತಿತ್ತು, ಇನ್ನೊಂದು ಕಡೆ ಗಾಜಿನಂಥ ನೀರು ಹೊರಡುತ್ತಿತ್ತು. ಎರಡನೆಯ ತೊಟ್ಟಿಯ ಮೇಲೆ ಹಲಗೆ ಹಾಸಿ ಪ್ಯಾಂಟಿನ ಗಂಟುಗಳನ್ನು ಒಟ್ಟಿದ್ದರು. ಗಾಳಿ ಊದುವ ಬ್ಲೋವರಿನೊಳಗೆ ಗುಬ್ಬಿ ಗೂಡು ಕಟ್ಟಿತ್ತು.

"ಇದೇನ್ರಿ ಗಾದಿಲಿಂಗಪ್ಪ?" ಎಂದಳು ಮಾಲಿನಿ.

"ಸಿಟ್ಟಾಗಬ್ಯಾಡ್ರಿ ಮೇಡಂ. ಇಡೀ ದಿನ ಬ್ಲೋವರ್ ಓಡಿಸಿದ್ರ ಕರೆಂಟ್ ಬಿಲ್ಲಿಗೆ ನಾನು ಉಟ್ಟ ಪ್ಯಾಂಟೂ ಬಿಚ್ಚಿ ಕೊಡಬೇಕಾಗ್ತೈತಿ."

"ಬರೇ ಬಣ್ಣ ತೆಗೆದು ಬಿಟ್ರ ನೀರು ಶುದ್ಧ ಆಗಂಗಿಲ್ಲ ಅಂತ ಎಷ್ಟು ಸಲ ಹೇಳೀನಿ ನಿಮಗ?"

"ಹೇಳೀರಿ. ನಾವೂ ಕೇಳೀವಿ. ಆದ್ರ ಕಣ್ಣು ನೋಡೋದು ಬಣ್ಣ ಒಂದೇ ನೋಡ್ರಿ. ಅದಕ ಹಸಿರು ಮಾರ್ಕು ಬಿದ್ದೈತಿ." ಅವನು ನಿಜವಾದ ಗೌರವದಿಂದ ಕೈಮುಗಿದ. "ನಿಮ್ಮ ಹರಳು ಭಾಳ ಚಲೋ ಐತ್ರಿ ಮೇಡಂ. ನಮ್ಮ ಹೊಟ್ಟಿ ತಣ್ಣಗಿಟ್ಟೀರಿ."

ಅವಳು ಒಂದೊಂದೇ ಯೂನಿಟ್ಟನ್ನು ನೋಡುತ್ತ ನಡೆದಳು. ಎಲ್ಲ ಕಡೆ ಎರಡನೆಯ ತೊಟ್ಟಿ ಸತ್ತು ಬಿದ್ದಿತ್ತು. ಒಬ್ಬರು ಅದರಲ್ಲಿ ಕಟ್ಟಿಗೆ ತುಂಬಿದ್ದರು, ಇನ್ನೊಬ್ಬರು ಮೇಲೆ ಶೀಟು ಹೊದಿಸಿ ಕಾವಲುಗಾರನಿಗೆ ಕೋಣೆ ಮಾಡಿಕೊಟ್ಟಿದ್ದರು.

ಮರುದಿನ ಅವಳು ನಿಗಮದ ನಿಯಂತ್ರಣ ಕೊಠಡಿಗೆ ಹೋದಳು. ಗೋಡೆಯಗಲದ ಪರದೆಯ ಮೇಲೆ ಜಿಲ್ಲೆಯ ಹಳ್ಳಕೊಳ್ಳಗಳೆಲ್ಲ ಗೆರೆಗಳಾಗಿ ಹೊಳೆಯುತ್ತಿದ್ದವು. ಮುಂಚೆ ಕಪ್ಪಾಗಿದ್ದ ಬಂಡೇದಿನ್ನಿಯ ಗೆರೆ ಈಗ ತಿಳಿಹಸಿರು. ನಿರ್ದೇಶಕ ಜಯತೀರ್ಥ, ನಿವೃತ್ತಿಗೆ ಹತ್ತಿರವಾದ ಮನುಷ್ಯ, ಅವಳ ಮಾತನ್ನು ಪೂರ್ತಿ ಕೇಳಿದ.

"ನಿಮ್ಮ ಮಾತು ನಾ ನಂಬ್ತೀನ್ರಿ ಮೇಡಂ," ಎಂದ. "ಆದ್ರ ನಾ ನಂಬಿ ಏನ್ ಮಾಡ್ಲಿ? ಅದು ನಂಬಬೇಕಲ್ಲ," ಎಂದು ಪರದೆಯತ್ತ ಗೋಣು ಹಾಕಿದ.

"ಒಂದು ಬಾಟಲಿ ನೀರು ಲ್ಯಾಬಿಗೆ ಕಳಿಸ್ರಿ. ತಾಸೊಪ್ಪತ್ತಿನ ಕೆಲಸ."

"ಮೊದಲು ಕಣ್ಣಿಗೆ ಅನುಮಾನ ಬರಬೇಕು, ಆಮ್ಯಾಲ ಸ್ಯಾಂಪಲ್. ನಿಯಮ ಹಂಗೈತಿ. ಹಸಿರು ಇದ್ದ ನೀರನ್ನ ಪರೀಕ್ಷೆಗೆ ಹಾಕಿದ್ರ ಯಾರ ಮ್ಯಾಲೆ ದ್ವೇಷ ಅಂತ ನನ್ನನ್ನ ಕೇಳ್ತಾರ."

"ನನ್ನ ಲ್ಯಾಬಿನ ಫಲಿತಾಂಶ ತಗೊಳ್ರಿ ಹಂಗಾರ."

"ಹರಳು ಮಾಡಿದವರು ನೀವು. ನಿಮ್ಮ ಹರಳನ್ನ ನೀವೇ ಪರೀಕ್ಷೆ ಮಾಡಿದ್ರ ಅದು ಸಾಕ್ಷಿ ಆಗಂಗಿಲ್ರಿ." ಹೇಳುವಾಗ ಅವನಿಗೂ ನಾಚಿಕೆಯಾದಂತಿತ್ತು. "ಒಂದು ಸಮಿತಿ ಮಾಡಸ್ತೀನಿ. ಬರದು ಕೊಡ್ರಿ."

ಅವಳು ಬರೆದು ಕೊಟ್ಟಳು. ಸಮಿತಿಯಾಯಿತು. ಅದರ ಮೊದಲ ಸಭೆಯಲ್ಲಿ ಸಮಿತಿಯ ವ್ಯಾಪ್ತಿ ಏನೆಂದು ಚರ್ಚಿಸಿದರು. ಎರಡನೆಯ ಸಭೆ ಸದಸ್ಯರು ಸಾಕಷ್ಟು ಬರದೆ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಬೇರೆ ಜಿಲ್ಲೆಗಳಿಂದ ಹರಳಿಗೆ ಬೇಡಿಕೆ ಬಂದು, ಅವಳು ಕೆಲಸ ಮಾಡುವ ಸಂಶೋಧನಾ ಸಂಸ್ಥೆಯವರು ಅವಳ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡಾಗಲೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳೂ ಗಂಡ ತೋಟೇಂದ್ರನೂ ವರಾಂಡದಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ತೋಟೇಂದ್ರನಿಗೆ ಚಹಾ ಎಂದರೆ ಪ್ರಾಣ. "ಇವತ್ತೇನು ಹುಲಿಗೆಮ್ಮ, ಚಹಾ ಇಷ್ಟು ಚಲೋ ಆಗೈತಿ?" ಎಂದು ಒಳಗೆ ಕೂಗಿದ. ಹುಲಿಗೆಮ್ಮ ಅವರ ಮನೆಯಲ್ಲಿ ಬಹಳ ವರ್ಷಗಳಿಂದ ಅಡಿಗೆ ಮಾಡುವವಳು. ಅವಳ ಸ್ವಂತ ಮನೆ ಇರುವುದು ಹಳ್ಳದ ಕೆಳಗಿನ ಕಾಲೊನಿಯಲ್ಲಿ.

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ನಳ ಬಂದಿಲ್ರಿ ಸರ. ಬರೂಮುಂದ ಹಳ್ಳದಾಗಿಂದ ಎರಡು ಕೊಡ ತಂದೆ. ನಮ್ಮ ಮೇಡಮ್ಮೋರ ನೀರು. ಏನ್ ತಿಳಿ ಐತ್ರಿ ಅದು!"

ಮಾಲಿನಿ ಲೋಟವನ್ನು ಕೆಳಗಿಟ್ಟಳು. "ಯಾರು ಹೇಳಿದ್ರು ನಿನಗ ಆ ನೀರು ತರಾಕ?"

"ಯಾರ್ ಹೇಳ್ಬೇಕ್ರಿ? ಕಾಲೊನಿ ಮಂದಿಯೆಲ್ಲ ಈಗ ಅದನ್ನ ಕುಡಿಯೋದು."

"ಎಲ್ರೂ?"

"ನಮ್ಮ ಸೊಸೀನೂ. ಬಸುರಿ ಹೆಂಗಸು, ಟ್ಯಾಂಕರ್ ಹತ್ರ ಪಾಳಿ ನಿಂತು ಹೊತ್ತು ತರೋದು ತಪ್ಪಿತಲ್ಲ ಅಂತ ದಿನಾ ನಿಮ್ಮನ್ನ ನೆನಸ್ತಾಳ."

ಮಾಲಿನಿ ಒಳಗೆ ಹೋಗಿ ಎರಡೂ ಕೊಡಗಳನ್ನು ಬಚ್ಚಲಿಗೆ ಸುರಿದಳು. ಹುಲಿಗೆಮ್ಮನ ಮುಖ ಸಣ್ಣದಾಯಿತು. ಹೊತ್ತು ತಂದ ನೀರನ್ನು ಕಣ್ಣೆದುರೇ ಚೆಲ್ಲಿದರೆ ಯಾರಿಗೆ ತಾನೆ ನೋವಾಗುವುದಿಲ್ಲ? ಮಾಲಿನಿ ಅವಳನ್ನು ಕೂರಿಸಿಕೊಂಡು ತಿಳಿಯಾಗಿ ಹೇಳಿದಳು: ಬಣ್ಣ ಮಾತ್ರ ಹೋಗಿದೆ, ವಿಷ ಹೋಗಿಲ್ಲ, ಕಾಯಿಸಿದರೂ ಹೋಗುವುದಿಲ್ಲ, ಸೊಸೆಗಂತೂ ಒಂದು ಹನಿಯನ್ನೂ ಕೊಡಬೇಡ.

"ನೀವೇ ಶುದ್ಧ ಮಾಡಿದ್ರಿ, ಶಾಲೂ ಹಾಕಿಸ್ಕೊಂಡ್ರಿ," ಎಂದಳು ಹುಲಿಗೆಮ್ಮ. "ಈಗ ನೀವೇ ಬ್ಯಾಡ ಅಂತೀರಿ. ನಮಗ ತಿಳಿವಲ್ದು."

"ಮೊದಲಿನಂಗ ಟ್ಯಾಂಕರ್ ನೀರು ಕುಡೀರಿ."

"ಟ್ಯಾಂಕರ್ ಎಲ್ಲೈತ್ರಿ? ಹಳ್ಳ ತಿಳಿಯಾದ ವಾರಕ್ಕೇ ನಿಂತು ಹೋತು. ನಿಮ್ಮೂರಿಗೆ ಶುದ್ಧ ನೀರು ಬಂದೈತಿ ಅಂತ ಹೇಳಿ ಬಂದ್ ಮಾಡಿದ್ರು."

ಮಾಲಿನಿ ಇದನ್ನು ಯೋಚಿಸಿಯೇ ಇರಲಿಲ್ಲ. ಹಳ್ಳ ಕಪ್ಪಾಗಿದ್ದಷ್ಟು ದಿನ ಅದರ ಕೊಳಕೇ ಜನರನ್ನು ಕಾಯುತ್ತಿತ್ತು. ಮಗುವೂ ಅದಕ್ಕೆ ಬಾಯಿ ಹಚ್ಚುತ್ತಿರಲಿಲ್ಲ. ಆ ಕಾವಲನ್ನು ತೆಗೆದುಹಾಕಿದ್ದು ಅವಳ ಹರಳು. ಟ್ಯಾಂಕರನ್ನು ಓಡಿಸಿದ್ದೂ ಅದೇ.

ಅಂದೇ ಅವಳು ಕಾಲೊನಿಗೆ ಹೋಗಿ ಮನೆಮನೆಗೆ ಹೇಳಿ ಬಂದಳು. ಜನ ಮರ್ಯಾದೆಯಿಂದ ಕುರ್ಚಿ ಹಾಕಿದರು, ಕೇಳಿಸಿಕೊಂಡರು. ಒಬ್ಬ ಮುದುಕ ಹಳ್ಳದ ನೀರಿನಲ್ಲೇ ಶರಬತ್ತು ಮಾಡಿಸಿ ತಂದ. "ಬ್ಯಾಡ ಅಂದ್ರ ಬಿಡ್ತೀವವ್ವ," ಎಂದ. "ಮತ್ತ ಯಾವ ನೀರು ಕುಡೀಬೇಕು ಅನ್ನೋದನ್ನೂ ಹೇಳಿ ಹೋಗು." ಸಂಸ್ಥೆಯ ಜೀಪಿನಲ್ಲಿ ಒಂದಷ್ಟು ದಿನ ಕ್ಯಾನುಗಳನ್ನು ತರಿಸಿ ಹುಲಿಗೆಮ್ಮನ ಮನೆಗೆ ಹಾಕಿಸಿದಳು. ಸಂಸ್ಥೆಯವರು ಜೀಪು ಯಾಕೆ ಬಳಸಿದಿರಿ ಎಂದು ವಿವರಣೆ ಕೇಳಿದರು.

"ನನಗ ಸಾಕಾಗೇತಿ," ಎಂದಳು ಒಂದು ಸಂಜೆ ಗಂಡನ ಹತ್ತಿರ. "ಹೊಗಿ ಹಿಡದೆ, ಅವರು ಹಗಲಷ್ಟೇ ಹಿಡಿಸಿದ್ರು. ನೀರು ಹಿಡದೆ, ಬಣ್ಣ ಅಷ್ಟೇ ತಗೊಂಡ್ರು. ನಾ ಏನು ಮಾಡಿದ್ರೂ ಅದರಾಗ ಅರ್ಧ ಕೆಲಸ ಮಾಡಿ ಉಳದರ್ಧ ಮುಚ್ಚಿಡಾಕ ಆಗ್ತೈತಿ. ನಾ ಹುಟ್ಟಿದ್ದೇ ಇವರಿಗೆ ಮುಸುಕು ಹೊಲಿದು ಕೊಡಾಕೇನು?"

ತೋಟೇಂದ್ರ ಉತ್ತರ ಪತ್ರಿಕೆ ತಿದ್ದುವುದನ್ನು ನಿಲ್ಲಿಸಿದ. "ನಮ್ಮ ಸಾಲ್ಯಾಗೂ ಇದ್ದದ್ದೇ. ಉತ್ತರ ಸರಿ ಇದ್ರ ಮಾರ್ಕು. ನಡುವಿನ ಲೆಕ್ಕ ಯಾರು ನೋಡ್ತಾರ? ಹುಡುಗ್ರು ಕಾಪಿ ಹೊಡೀತಾರ. ಅದಕ ನಾ ಏನ್ ಮಾಡ್ತೀನಿ ಗೊತ್ತೈತೇನು, ನಡುವಿನ ಲೆಕ್ಕ ಬರೀದಿದ್ರ ಉತ್ತರಾನೇ ಬರದಂಥ ಪ್ರಶ್ನೆ ಕೊಡ್ತೀನಿ."

ಅವನು ಸಮಾಧಾನಕ್ಕೆಂದು ಆಡಿದ ಮಾತು ಅದು. ಮಾಲಿನಿ ಮಾತ್ರ ಅದನ್ನು ಬಿಡಲಿಲ್ಲ, ಮರುದಿನ ಬೆಳಿಗ್ಗೆಯೇ ಪ್ರಯೋಗಾಲಯಕ್ಕೆ ಹೋದಳು.

ಹರಳುಗಳ ಶಕ್ತಿ ಮೂರು ತಿಂಗಳಿಗೆ ಮುಗಿಯುತ್ತಿತ್ತು. ಆಮೇಲೆ ಹೊಸದನ್ನು ಹಾಕಬೇಕು, ಅದನ್ನು ತಯಾರಿಸುತ್ತಿದ್ದದ್ದು ಅವಳ ಪ್ರಯೋಗಾಲಯವೇ. ಮುಂದಿನ ಕೆಲವು ವಾರ ಅವಳು ಹರಳಿಗೆ ಇನ್ನೊಂದು ಪದರ ಕೊಡುವುದರಲ್ಲಿ ಮುಳುಗಿದಳು. ಮೊದಲನೆಯ ತೊಟ್ಟಿಯಲ್ಲಿ ಬಿಡಿಯಾದ ತುಂಡುಗಳು ಗಾಳಿ ಸಿಗದೆ ಹಾಗೇ ಉಳಿದರೆ ಆ ಪದರ ಅವನ್ನು ಹಿಡಿದು ಮತ್ತೆ ಜೋಡಿಸಬೇಕು, ಕುಂಕುಮ ಕದಡಿದಂಥ ಕೆಂಪು ಮಾಡಬೇಕು. ಎರಡನೆಯ ತೊಟ್ಟಿಯಲ್ಲಿ ಗಾಳಿ ಸಿಕ್ಕರೆ ತುಂಡೂ ಇರುವುದಿಲ್ಲ, ಕೆಂಪೂ ಉಳಿಯುವುದಿಲ್ಲ. ಆ ಕೆಂಪಿನಿಂದ ವಿಷ ಹೆಚ್ಚಾಗದಂತೆ ಮತ್ತೆ ಮತ್ತೆ ನೋಡಿಕೊಂಡಳು. ಅದು ನೀರಿನಲ್ಲಿ ಇದ್ದದ್ದನ್ನು ತೋರಿಸಬೇಕು, ಅಷ್ಟೆ.

ಇಷ್ಟು ವರ್ಷ ಲೋಟದಲ್ಲಿ ಬಣ್ಣ ಹೋದಾಗ ಸಂತೋಷಪಟ್ಟವಳು, ಬಣ್ಣ ಬಂದ ದಿನ ಆ ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ ನಿಂತಳು. ಯಾರ ಅನುಮತಿಯನ್ನೂ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸಮಿತಿಯಾಗುತ್ತಿತ್ತು. ಹೊಸ ಹರಳು ಹಳೆಯ ಚೀಲಗಳಲ್ಲೇ ಯೂನಿಟ್ಟುಗಳಿಗೆ ಹೋಯಿತು.

ಎರಡೇ ದಿನಕ್ಕೆ ಬಂಡೇದಿನ್ನಿಯ ಹಳ್ಳ ಕೆಂಪಾಗಿ ಹರಿಯಿತು.

ಜಯತೀರ್ಥ ಫೋನು ಮಾಡಿದಾಗ ಅವನ ಹಿಂದೆ ನಿಯಂತ್ರಣ ಕೊಠಡಿಯ ಗಂಟೆಗಳು ಹೊಡೆದುಕೊಳ್ಳುವುದು ಕೇಳುತ್ತಿತ್ತು. "ಮೇಡಂ, ಇಪ್ಪತ್ತು ಯೂನಿಟ್ಟಿಗೆ ಕಣ್ಣು ತಾನೇ ಬೀಗ ಹಾಕೇತಿ. ಏನಾಗೇತ್ರಿ ನಿಮ್ಮ ಹರಳಿಗೆ?"

"ಏನೂ ಆಗಿಲ್ಲ. ಎರಡನೇ ತೊಟ್ಟಿಗೆ ಗಾಳಿ ಬಿಡ್ರಿ ಅನ್ರಿ, ತಿಳಿ ಆಗ್ತೈತಿ."

"ನೀವು ಬೇಕಂತನೇ ಮಾಡೀರೇನು?"

"ಹೌದು," ಎಂದಳು ಮಾಲಿನಿ.

ಮೂರ್ನಾಲ್ಕು ಯೂನಿಟ್ಟಿನವರು ಗಂಟುಗಳನ್ನು ಇಳಿಸಿ, ಬ್ಲೋವರಿನ ಗೂಡು ಕಿತ್ತು, ಗಾಳಿ ಬಿಟ್ಟರು. ಅವರ ಕಾಲುವೆ ತಿಳಿಯಾಗಿ ಬೀಗ ತೆರೆಯಿತು. ಮಿಕ್ಕವರು ಮಂತ್ರಿಗಳಿಗೆ ದೂರು ಕೊಡಲು ಗಾದಿಲಿಂಗಪ್ಪನ ಹಿಂದೆ ರಾಜಧಾನಿಗೆ ಹೋದರು. ಯೂನಿಟ್ಟು ಮುಚ್ಚಿದ್ದರಿಂದ ಕೂಲಿ ತಪ್ಪಿದವರು ಸಂಸ್ಥೆಯ ಗೇಟಿನ ಮುಂದೆ ಬಂದು ಕೂಗಾಡಿದರು. ಅವರ ಸಿಟ್ಟೆಲ್ಲ ಮಾಲಿನಿಯ ಮೇಲೆ. ಕಾಲೊನಿಯಲ್ಲಂತೂ ಹಳ್ಳಕ್ಕೆ ರಕ್ತ ಬಂದಿದೆ ಎಂದು ಹೆಂಗಸರು ಹೆದರಿ ಮಕ್ಕಳನ್ನು ಒಳಗೆ ಎಳೆದುಕೊಂಡರು. ಹುಲಿಗೆಮ್ಮ ಕೆಲಸಕ್ಕೆ ಬಂದಳು. ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ಕೊನೆಗೆ, "ಚಂದ ಇದ್ದ ನೀರು ಹೊಲಸು ಮಾಡಿಟ್ರಿ," ಎಂದು ಹೇಳಿ ಹೋದಳು. ಆದರೆ ಪರದೆಯ ಮೇಲೆ ಗೆರೆ ಕೆಂಪಾಗಿದ್ದರಿಂದ ಯಾರನ್ನೂ ಕೇಳದೆ ಕಾಲೊನಿಗೆ ಟ್ಯಾಂಕರ್ ಬಂದು ನಿಂತಿತ್ತು.

ವಿಚಾರಣೆ ಬೇಗ ನಡೆಯಿತು. ಎರಡು ಸಭೆಯಲ್ಲೂ ಏನೂ ತೀರ್ಮಾನಿಸದ ಸಮಿತಿಯೇ ಈ ಸಲ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನಿಸಿತು. ಹರಳು ಬಣ್ಣ ತೆಗೆಯುವಲ್ಲಿ ವಿಫಲವಾಗಿದೆ, ದೋಷಯುಕ್ತ, ಎಂದು ಬರೆದರು.

"ಅದು ವಿಫಲ ಆಗಿಲ್ಲ," ಎಂದಳು ಮಾಲಿನಿ. "ನಾ ಇಷ್ಟು ವರ್ಷದಾಗ ಮಾಡಿದ್ದರಾಗ ಸುಳ್ಳು ಹೇಳದ ವಸ್ತು ಇದೊಂದೇ."

"ನಿಮ್ಮ ಭಾವನೆಗಳನ್ನ ದಾಖಲೆ ಮಾಡಿಕೊಂಡೀವಿ," ಎಂದರು ಸಮಿತಿಯ ಅಧ್ಯಕ್ಷರು.

ಅವಳನ್ನು ಅಮಾನತು ಮಾಡಿ ಪ್ರಯೋಗಾಲಯದ ಬೀಗದ ಕೈ ಇಸಿದುಕೊಂಡರು. ತಪ್ಪು ಹರಳಿನದು ಎಂದು ರಾಜಧಾನಿಯಿಂದ ವಿಶೇಷ ಆದೇಶ ತಂದು, ಕಣ್ಣು ಮತ್ತೆ ಹಾಕದಂತೆ ಯೂನಿಟ್ಟುಗಳ ಬೀಗ ತೆಗೆಸಿದರು. ಹಳೆಯ ಹರಳನ್ನು ಮಾಡಿ ಎಲ್ಲ ಕಡೆ ಬದಲಾಯಿಸುವುದಕ್ಕೆ ಒಂದು ಋತುವೇ ಹಿಡಿಯಿತು. ಅಷ್ಟು ದಿನವೂ ಹಳ್ಳ ಕೆಂಪಾಗಿಯೇ ಹರಿಯಿತು, ಟ್ಯಾಂಕರೂ ಬಂತು. ಆ ನಡುವೆ ಹುಲಿಗೆಮ್ಮನ ಸೊಸೆಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಮಾಲಿನಿ ಕೂಸನ್ನು ನೋಡಲು ಹೋದಾಗ ಬಾಣಂತಿ ನಕ್ಕಳು, ಹುಲಿಗೆಮ್ಮ ಒಲೆಯ ಮುಂದಿನಿಂದ ಏಳಲಿಲ್ಲ.

ಆಮೇಲೆ ಹಳ್ಳ ಮತ್ತೆ ತಿಳಿಯಾಯಿತು. ಬ್ಲೋವರ್ ಓಡಿಸುತ್ತಿದ್ದ ಮೂರ್ನಾಲ್ಕು ಯೂನಿಟ್ಟಿನವರೂ ನಮಗೊಬ್ಬರಿಗೇ ಯಾಕೆ ಈ ಹೊರೆ ಎಂದು ನಿಲ್ಲಿಸಿದರು. ಮಾಲಿನಿ ಮನೆಯಲ್ಲಿ ಕೂತು ಪತ್ರ ಬರೆದಳು, ಹರಿದು ಹಾಕಿದಳು. ಪತ್ರಿಕೆಯವರು ಬಂದು ಕೇಳಿಕೊಂಡು ಹೋಗಿ, ಹಳ್ಳ ಮತ್ತೆ ಶುದ್ಧವಾದ ಸುದ್ದಿ ಹಾಕಿದರು. ಗಾಳಿ, ನೀರು ಎರಡೂ ಮುಗಿದವು, ಇನ್ನು ತನಗೆ ಉಳಿದಿರುವುದು ಮಣ್ಣು ಒಂದೇ ಎಂದು ಗಂಡನ ಮುಂದೆ ನಗಲು ನೋಡಿದಳು, ನಗು ಬರಲಿಲ್ಲ.

ಒಂದು ಮಧ್ಯಾಹ್ನ ಜಯತೀರ್ಥನ ಫೋನು ಬಂತು. "ಮೇಡಂ, ಸ್ವಲ್ಪ ಬಂದು ಹೋಗ್ರಿ. ಕಾಲೊನಿ ಹೆಣ್ಣುಮಕ್ಕಳು ಕಂಟ್ರೋಲ್ ರೂಮಿನಾಗ ಬಂದು ಕುಂತಾರ. ಎದ್ದು ಹೋಗ್ರಿ ಅಂದ್ರ ಏಳವಲ್ರು. ನಿಮ್ಮ ಮಾತಾದ್ರ ಕೇಳ್ತಾರ, ಸಮಾಧಾನ ಹೇಳಿ ಕರಕೊಂಡು ಹೋಗ್ರಿ."

"ಏನಂತ ಅವರ ತಕರಾರು?"

"ಅದೇ ತಿಳಿವಲ್ದು. ಇಲ್ಲಿ ಯಂತ್ರದಾಗ ದೂರು ಹಾಕಬೇಕಂದ್ರ ಬಣ್ಣ, ವಾಸನೆ, ನೊರೆ, ಸತ್ತ ಮೀನು, ಇಷ್ಟೇ ಅದಾವ. ಇವರ ದೂರು ಯಾವುದ್ರಾಗೂ ಕೂಡಂಗಿಲ್ಲ."

ಮಾಲಿನಿ ಹೋದಳು. ಗೋಡೆಯ ಪರದೆಯಲ್ಲಿ ಬಂಡೇದಿನ್ನಿಯ ಗೆರೆ ತಿಳಿಹಸಿರಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ನುಣ್ಣನೆ ನೆಲದ ಮೇಲೆ ಹೆಂಗಸರು ಖಾಲಿ ಕೊಡಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಎಲ್ಲರ ಮುಂದೆ ಹುಲಿಗೆಮ್ಮ, ತೊಡೆಯ ಮೇಲೆ ಮೊಮ್ಮಗಳು.

"ಏನಾತು ಹುಲಿಗೆಮ್ಮ?"

"ಕೂಸಿಗೆ ಎರೆಯಾಕ ನೀರಿಲ್ರಿ ಮೇಡಂ," ಎಂದಳು ಹುಲಿಗೆಮ್ಮ. "ಹಳ್ಳ ತಿಳಿಯಾತು, ಟ್ಯಾಂಕರ್ ನಿಂತು ಹೋತು. ನಿಮ್ಮ ಮಾತು ಈಗ ತಿಳೀತ್ರಿ, ಆಗ ಗಾಳಿ ಬಿಟ್ಟವರ ಕಾಲುವಿ ಅಷ್ಟೇ ತಿಳಿ ಆಗಿದ್ದನ್ನ ನಾವೂ ನೋಡೀವಿ. ಕೆಂಪಿದ್ದಾಗಾದ್ರ ಅದರಾಗ ಏನೈತಿ ಅನ್ನೋದು ಕಾಣ್ತಿತ್ತು, ಟ್ಯಾಂಕರೂ ಬರ್ತಿತ್ತು. ಈಗ ಕೂಸಿಗೆ ಯಾವ ನೀರು ಹಾಕ್ಲಿ? ನಮ್ಮ ಹಳ್ಳ ಮತ್ತ ಕೆಂಪು ಮಾಡಿ ಕೊಡ್ರಿ ಅಂತ ಇವರಿಗೆ ಆಗಿಂದ ಹೇಳಾಕ ಹತ್ತೀವಿ. ನಮಗ ಹುಚ್ಚು ಹಿಡದೈತಿ ಅನ್ನೋರಂಗ ನೋಡ್ತಾರ."

ಮಾಲಿನಿಯ ಇಷ್ಟು ವರ್ಷಗಳ ಕೆಲಸದಲ್ಲಿ ಕಾರ್ಖಾನೆಯವರು ಕೇಳಿದ್ದರು, ಸರ್ಕಾರ ಕೇಳಿತ್ತು. ನೀರು ಕುಡಿಯುವವರು ಬಂದು ನೀನು ಮಾಡಿದ್ದು ಬೇಕು ಎಂದದ್ದು ಇದೇ ಮೊದಲು. ಅದೂ ಅವಳನ್ನು ಕೆಲಸದಿಂದ ಹೊರಗೆ ಹಾಕಿಸಿದ ಕೆಂಪಿಗಾಗಿ.

ಜಯತೀರ್ಥ ಪಕ್ಕಕ್ಕೆ ಬಂದು ನಿಂತ. "ಹೇಳ್ರಿ ಮೇಡಂ ಅವರಿಗೆ. ಆಗದ ಮಾತು ಅಂತ ತಿಳಿಸಿ ಹೇಳ್ರಿ."

ಹುಲಿಗೆಮ್ಮ ಕೊಡವನ್ನು ಸರಿಸಿ ತನ್ನ ಮಗ್ಗುಲಲ್ಲಿ ಜಾಗ ಮಾಡಿದಳು. ಮಾಲಿನಿ ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಒತ್ತಿಕೊಂಡು, ಪರದೆಗೆ ಬೆನ್ನು ಮಾಡಿ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಮೇಡಂ, ನಾ ನಿಮ್ಮನ್ನ ಕರೆಸಿದ್ದು..." ಎಂದ ಜಯತೀರ್ಥ.

"ಗೊತ್ತೈತ್ರಿ," ಎಂದಳು ಮಾಲಿನಿ. "ದೂರು ಬರಕೊಳ್ರಿ. ಬಂಡೇದಿನ್ನಿ ಹಳ್ಳದ ನೀರಿನಾಗ ಬಣ್ಣ ಇಲ್ಲ. ನನ್ನ ಹೆಸರೂ ಹಾಕ್ರಿ."